ಹಾಸ್ಟೆಲ್ ರೂಮಿನಲ್ಲೇ ಬದುಕು ಸವೆಸಿದ ಎಚ್ಚೆನ್: ಗಡಿ ತಾಲ್ಲೂಕುಗಳಿಗೆ ಕಾಲೇಜು ತಂದ ಹೊಸೂರಿನ ಮೇಷ್ಟ್ರು

ದಿಬ್ಬೂರಹಳ್ಳಿ: ಜೂನ್ ಬಂತು ಅಂದ್ರೆ ಹಳ್ಳಿ ಕಡೆ ಇಸ್ಕೂಲುಗಳ ಬಗ್ಗೆ ಮಾತು ಶುರುವಾಗುತ್ತೆ. ಸೂರು ಸೋರುತ್ತೆ, ಕಾಂಪೌಂಡ್ ಬಿದ್ದಿದೆ, ಹೆಣ್ಮಕ್ಕಳ ಶೌಚಾಲಯಕ್ಕೆ ನೀರಿಲ್ಲ, ಲ್ಯಾಬಿನ ಬೀಗದ ಕೈ ಯಾರ ಹತ್ರ ಇದೆಯೋ ಗೊತ್ತಿಲ್ಲ. ಟೀ ಅಂಗಡಿ ಮುಂದೆ, ಗೂಡಿನ ಮಾರ್ಕೆಟ್ಟಿನಲ್ಲಿ, ಬಸ್ ಸ್ಟಾಂಡಿನಲ್ಲಿ ಇದೇ ಮಾತು. ಎರಡು ವಾರ ಕಳೆದ ಮೇಲೆ ಮಳೆ, ಬಿತ್ತನೆ, ಗೂಡಿನ ರೇಟು ಅಂತ ಜನ ಅವರವರ ಕೆಲಸಕ್ಕೆ ಹೋಗ್ತಾರೆ. ಇಸ್ಕೂಲು ಹಾಗೇ ಇರುತ್ತೆ.

ಈ ವಿಷಯವನ್ನು ಎರಡು ವಾರಕ್ಕೆ ಬಿಡದೆ ಬದುಕಿಡೀ ಹಿಡಿದುಕೊಂಡಿದ್ದ ಒಬ್ಬರು ನಮ್ಮ ಜಿಲ್ಲೆಯಲ್ಲೇ ಹುಟ್ಟಿದ್ದರು. ಅವರೇ ಡಾ. ಎಚ್. ನರಸಿಂಹಯ್ಯ. ಜನರ ಬಾಯಲ್ಲಿ ಎಚ್ಚೆನ್. ಪವಾಡಗಳನ್ನು ಪ್ರಶ್ನೆ ಮಾಡಿದವರು, ಸ್ವಾತಂತ್ರ್ಯ ಹೋರಾಟಗಾರರು, ಪದ್ಮಭೂಷಣ ಪಡೆದವರು ಅಂತ ಅವರ ಹೆಸರು ಕೇಳಿದವರು ಬಹಳ ಜನ. ಆದರೆ ಗೌರಿಬಿದನೂರು, ಬಾಗೇಪಲ್ಲಿಯಂಥ ಗಡಿ ಊರುಗಳಿಗೆ ಕಾಲೇಜು ಬರೋ ಹಾಗೆ ಮಾಡಿದವರು, ಕಾಲೇಜಿನ ಆವರಣವನ್ನೇ ಮನೆ ಮಾಡಿಕೊಂಡು ಅಲ್ಲೇ ಮುಪ್ಪಾದವರು ಅನ್ನೋ ಕಥೆಯನ್ನು ಹೊಸಬರು ಅಷ್ಟಾಗಿ ಕೇಳಿಲ್ಲ. ಅವರು ತೀರಿಕೊಂಡು ಎರಡು ದಶಕ ದಾಟಿದೆ. ಈಗ ಕಾಲೇಜಿಗೆ ಸೇರೋ ಮಕ್ಕಳು ಹುಟ್ಟುವ ಮೊದಲೇ ಅವರು ಹೋಗಿದ್ದರು.

ಹೊಸೂರಿನಿಂದ ಬೆಂಗಳೂರಿಗೆ ನಡಿಗೆ

ನರಸಿಂಹಯ್ಯ ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ತಮಿಳುನಾಡಿನ ಹೊಸೂರಲ್ಲ, ನಮ್ಮ ಹೋಬಳಿ ಕೇಂದ್ರವಾದ ಹೊಸೂರು. ಆಗ ಇದೆಲ್ಲ ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ, ಅಂದರೆ ಅವರು ಹೋದ ಎರಡು ವರ್ಷದ ನಂತರ. ತಂದೆ ಹನುಮಂತಪ್ಪ, ತಾಯಿ ವೆಂಕಟಮ್ಮ. ಮನೆಯಲ್ಲಿ ಬಡತನ.

ಊರಿನಲ್ಲಿದ್ದಷ್ಟು ಓದು ಮುಗಿಯಿತು. ಮುಂದೆ ಹೈಸ್ಕೂಲು ಬೇಕಲ್ಲ, ಹೊಸೂರಿನಲ್ಲಿ ಅದಿರಲಿಲ್ಲ. ಆ ಕಾಲದಲ್ಲಿ ಹಳ್ಳಿ ಹುಡುಗರ ಓದು ನಿಲ್ಲುತ್ತಿದ್ದದ್ದೇ ಇಲ್ಲಿ. ಬುದ್ಧಿ ಸಾಲದೆ ಅಲ್ಲ, ಮುಂದಿನ ಕ್ಲಾಸಿನ ಕೋಣೆ ನಡೆದುಹೋಗುವಷ್ಟು ಹತ್ತಿರ ಇಲ್ಲದೆ. 1935ರಲ್ಲಿ ನರಸಿಂಹಯ್ಯ ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಲು ಹೊರಟರು. ಕೈಯಲ್ಲಿ ಕಾಸಿರಲಿಲ್ಲ. ಗೌರಿಬಿದನೂರು ಕಡೆಯಿಂದ ಬೆಂಗಳೂರಿಗೆ 70–80 ಕಿಲೋಮೀಟರ್. ಆ ದಾರಿಯನ್ನು ನಡೆದೇ ಮುಟ್ಟಿದರು.

ಅವರು ಸೇರಿದ ಶಾಲೆ ಸಾಮಾನ್ಯದ್ದಾಗಿರಲಿಲ್ಲ. ಆನಿ ಬೆಸೆಂಟ್ ಅವರ ರಾಷ್ಟ್ರೀಯ ಶಿಕ್ಷಣ ಚಳವಳಿಯ ಬೆನ್ನಿಗೆ 1917ರಲ್ಲಿ ಹುಟ್ಟಿದ ಸಂಸ್ಥೆ ಅದು. ಸರ್ಕಾರದ ಕೃಪೆಗೆ ಕಾಯದೆ ಜನರೇ ಕಟ್ಟಿ, ಜನರೇ ನಡೆಸಿದ ಶಾಲೆ. ಕೆ. ಸಂಪದ್ಗಿರಿರಾಯರಂಥ ಗುರುಗಳು ಅಲ್ಲಿದ್ದರು. 1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳುವ ಕೆಲಸ ಈ ಹೊಸೂರಿನ ಹುಡುಗನಿಗೆ ಸಿಕ್ಕಿತು. ಗಾಂಧೀಜಿ ನಮ್ಮ ನಂದಿಬೆಟ್ಟದಲ್ಲಿ ವಿಶ್ರಾಂತಿಗೆ ತಂಗಿದ್ದೂ ಅದೇ ವರ್ಷ. ಆವತ್ತಿನಿಂದ ಖಾದಿ ಅವರ ಮೈಮೇಲೆ ಕೂತಿತು. ಪಂಚೆ, ಜುಬ್ಬ, ತಲೆಮೇಲೆ ಗಾಂಧಿ ಟೋಪಿ: ಕೊನೇತನಕ ಬದಲಾಗದ ವೇಷ.

ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ. 1942ರ ಕ್ವಿಟ್ ಇಂಡಿಯಾ ಚಳವಳಿ ಬಂದಾಗ ಓದು ಬಿಟ್ಟು ಬೀದಿಗಿಳಿದರು, ಜೈಲಿಗೆ ಹೋದರು. ಹೊರಗೆ ಬಂದ ಮೇಲೆ ಮತ್ತೆ ಪುಸ್ತಕ ಹಿಡಿದು 1946ರಲ್ಲಿ ಎಂ.ಎಸ್ಸಿ ಮುಗಿಸಿದರು. ಅಷ್ಟು ಹೊತ್ತಿಗೆ ನ್ಯಾಷನಲ್ ಹೈಸ್ಕೂಲು ನಡೆಸುತ್ತಿದ್ದ ಸಂಸ್ಥೆಯೇ 1945ರಲ್ಲಿ ನ್ಯಾಷನಲ್ ಕಾಲೇಜು ಶುರು ಮಾಡಿತ್ತು. ಅಲ್ಲಿಗೇ ಮೇಷ್ಟ್ರಾಗಿ ಸೇರಿದರು.

ಆವರಣವೇ ಮನೆ

ಮದುವೆ ಆಗಲಿಲ್ಲ. ಮನೆ ಮಾಡಲಿಲ್ಲ. ಕಾಲೇಜಿನ ಹಾಸ್ಟೆಲ್ಲಿನಲ್ಲಿ ಒಂದು ಸಣ್ಣ ರೂಮು, ಹುಡುಗರ ಜೊತೆ ಅದೇ ಊಟ. ಮೇಷ್ಟ್ರಾಗಿದ್ದಾಗಲೂ ಅಲ್ಲೇ, ಪ್ರಿನ್ಸಿಪಾಲರಾದ ಮೇಲೂ ಅಲ್ಲೇ, ವಿಶ್ವವಿದ್ಯಾಲಯದ ಮುಖ್ಯಸ್ಥರಾದ ಮೇಲೂ ಅಲ್ಲೇ.

ಇದನ್ನು ಸರಳ ಜೀವನ ಅಂತ ಹೊಗಳಿ ಮುಗಿಸೋದು ಸುಲಭ. ಆದರೆ ಇದರಲ್ಲಿ ಇನ್ನೊಂದು ವಿಷಯ ಇದೆ. ಹಾಸ್ಟೆಲ್ಲಿನ ನಲ್ಲಿ ನಿಂತರೆ ಅಲ್ಲಿರುವ ಮುಖ್ಯಸ್ಥರಿಗೂ ನೀರಿಲ್ಲ. ಸಾರು ಹಳಸಿದ್ದರೆ ಅವರ ತಟ್ಟೆಗೂ ಅದೇ ಸಾರು. ರಾತ್ರಿ ಹೊತ್ತು ಗೇಟಿನ ಹತ್ತಿರ ಗದ್ದಲವಾದರೆ ಅವರ ನಿದ್ದೆಯೂ ಕೆಡುತ್ತೆ. ಅಂಗಡಿ ಇಟ್ಟವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಯಜಮಾನ ಗಲ್ಲಾ ಮೇಲೆ ಕೂತ ಅಂಗಡಿಗೂ, ಆಳಿನ ಮೇಲೆ ಬಿಟ್ಟುಹೋದ ಅಂಗಡಿಗೂ ಇರೋ ವ್ಯತ್ಯಾಸ ಸಂಜೆ ಲೆಕ್ಕದಲ್ಲಿ ಗೊತ್ತಾಗುತ್ತೆ.

ಈ ನಡುವೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ ಪರಮಾಣು ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡಿ 1960ರಲ್ಲಿ ಡಾಕ್ಟರೇಟ್ ಪಡೆದರು. ಅಂಥ ಪದವಿ ಹಿಡಿದವರಿಗೆ ಅಲ್ಲೇ ಉಳಿಯೋ ದಾರಿ ಇತ್ತು. ಅವರು ವಾಪಸ್ಸು ಬಂದು ಅದೇ ಬಸವನಗುಡಿಯ ಹಾಸ್ಟೆಲ್ ಸೇರಿಕೊಂಡರು. 1961ರಲ್ಲಿ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, 1972ರವರೆಗೂ ಇದ್ದರು.

ಸಂಜೆ ಬೀಗ ಹಾಕದ ಕಾಲೇಜು

ಸಾಮಾನ್ಯವಾಗಿ ಕಾಲೇಜು ಕಟ್ಟಡ ದಿನದಲ್ಲಿ ಆರೇಳು ಗಂಟೆ ಕೆಲಸ ಮಾಡುತ್ತೆ. ಸಂಜೆ ಆದ ಮೇಲೆ ಬೀಗ. ಲಕ್ಷಾಂತರ ರೂಪಾಯಿ ಸುರಿದು ಕಟ್ಟಿದ ಸಭಾಂಗಣ ವರ್ಷಕ್ಕೊಮ್ಮೆ ವಾರ್ಷಿಕೋತ್ಸವಕ್ಕೆ ಬಾಗಿಲು ತೆರೆದು, ಉಳಿದ ದಿನ ಪಾರಿವಾಳಕ್ಕೆ ಗೂಡಾಗಿರುತ್ತೆ. ಎಚ್ಚೆನ್ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಅಂತ ಶುರು ಮಾಡಿದರು. ವಾರ ವಾರ, ಬುಧವಾರ ಸಂಜೆ ವಿಜ್ಞಾನದ ಉಪನ್ಯಾಸ. ಯಾರು ಬೇಕಾದರೂ ಬರಬಹುದು, ದುಡ್ಡಿಲ್ಲ. ವರ್ಷಕ್ಕೊಮ್ಮೆ ದಿನಾ ಸಂಜೆ ನಡೆಯುವ ವಿಜ್ಞಾನೋತ್ಸವ. ದೊಡ್ಡ ದೊಡ್ಡ ವಿಜ್ಞಾನಿಗಳು ಬಂದು ಸಾಮಾನ್ಯ ಜನರ ಮುಂದೆ ನಿಂತು ಮಾತಾಡಿದರು. ಪಾಠದ ಕಟ್ಟಡವೇ ಸಂಜೆ ಊರಿನವರ ಕಟ್ಟಡ ಆಯಿತು. ಸಂಗೀತ, ನೃತ್ಯ, ನಾಟಕಕ್ಕೆ ಬೆಂಗಳೂರು ಲಲಿತಕಲಾ ಪರಿಷತ್ತನ್ನೂ ಕಟ್ಟಿದರು. ಜಯನಗರದ ನ್ಯಾಷನಲ್ ಕಾಲೇಜಿನ ಸಭಾಂಗಣಕ್ಕೆ ಇವತ್ತು ಎಚ್.ಎನ್. ಕಲಾಕ್ಷೇತ್ರ ಅಂತಲೇ ಹೆಸರು.

ಕಾವಲಿನ ಲೆಕ್ಕದಲ್ಲೂ ಇದರಲ್ಲಿ ಪಾಠವಿದೆ. ಸಂಜೆ ಕತ್ತಲಾದ ಮೇಲೆ ಖಾಲಿ ಬಿದ್ದ ಶಾಲೆ ಆವರಣದಲ್ಲೇ ಇಸ್ಪೀಟು, ಬಾಟಲಿ, ಕಿಟಕಿ ಸರಳು ಕೀಳೋದು ಎಲ್ಲ ನಡೆಯೋದು. ದೀಪ ಉರಿಯುತ್ತಾ ಜನ ಓಡಾಡೋ ಜಾಗಕ್ಕೆ ಕಿಡಿಗೇಡಿಗಳು ಬರೋದು ಕಡಿಮೆ. ಗೋಡೆ ಎತ್ತರಿಸೋದು, ಗಾಜು ಚುಚ್ಚೋದು ಒಂದು ದಾರಿ. ಊರಿನವರಿಗೆ ಅದು ನಮ್ಮದು ಅನ್ನಿಸೋ ಹಾಗೆ ಬಾಗಿಲು ತೆಗೆದಿಡೋದು ಇನ್ನೊಂದು ದಾರಿ. ಎರಡೂ ಬೇಕು, ಆದರೆ ಎರಡನೆಯದಕ್ಕೆ ಖರ್ಚು ಕಡಿಮೆ.

1,100 ಎಕರೆಯ ಹೊಣೆ

1972ರಲ್ಲಿ ಎಚ್ಚೆನ್ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾದರು. ಈಗ ಆ ಹುದ್ದೆಗೆ ಕುಲಪತಿ ಅಂತಾರೆ. 1964ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅದು. ನಗರದ ನಡುವಿನ ಸೆಂಟ್ರಲ್ ಕಾಲೇಜಿನ ಹಳೇ ಕಟ್ಟಡಗಳಲ್ಲಿ ಜಾಗ ಸಾಲದೆ ಒದ್ದಾಡುತ್ತಿತ್ತು. ಊರಾಚೆ ಮೈಸೂರು ರಸ್ತೆ ಕಡೆ ಸುಮಾರು 1,100 ಎಕರೆಯಲ್ಲಿ ಹೊಸ ಆವರಣ, ಅದೇ ಜ್ಞಾನಭಾರತಿ. 1973ರಲ್ಲಿ ವಿಶ್ವವಿದ್ಯಾಲಯ ಅಲ್ಲಿಗೆ ಕಾಲಿಟ್ಟಾಗ ಹೊಣೆ ಇದ್ದದ್ದು ಈ ಹಾಸ್ಟೆಲ್ ವಾಸಿಯ ಹೆಗಲ ಮೇಲೆ.

ಬಯಲಲ್ಲಿ ವಿಶ್ವವಿದ್ಯಾಲಯ ಎಬ್ಬಿಸೋದು ಅಂದರೆ ನಕ್ಷೆ ಬರೆದು ಕಲ್ಲು ನೆಟ್ಟಷ್ಟಕ್ಕೆ ಆಗೋದಿಲ್ಲ. ಮಕ್ಕಳು ಬರಬೇಕಾದರೆ ಬಸ್ಸು ಬೇಕು. ಸಂಜೆ ಲೈಬ್ರರಿಯಲ್ಲಿ ಕೂರಬೇಕಾದರೆ ವಾಪಸ್ಸು ಹೋಗೋ ಬಸ್ಸೂ ಬೇಕು, ಇಲ್ಲಾ ಹಾಸ್ಟೆಲ್ ಬೇಕು. ಹಾಸ್ಟೆಲ್ ಆದರೆ ನೀರು, ಅಡುಗೆ, ಆಸ್ಪತ್ರೆ, ಕಾವಲು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ದಾರಿ, ದಾರಿಗೆ ದೀಪ. ಜಮೀನಿಗೆ ಹದ್ದುಬಸ್ತು. 1,100 ಎಕರೆ ಅಂದರೆ ನಮ್ಮ ಕಡೆ ಒಂದು ಹಳ್ಳಿಯ ಹೊಲವೆಲ್ಲ ಸೇರಿದಷ್ಟು. ಹೊಲದ ಬದು ಒಂದು ವರ್ಷ ನೋಡದೆ ಬಿಟ್ಟರೆ ಪಕ್ಕದವರ ನೇಗಿಲು ಎಷ್ಟು ಒಳಗೆ ಬರುತ್ತೆ ಅಂತ ರೈತರಿಗೆ ಗೊತ್ತು.

ಜ್ಞಾನಭಾರತಿ ನಿಂತಿತು. ಅವರ ಕಾಲದಲ್ಲಿ ಸಂಗೀತ, ನೃತ್ಯ, ನಾಟಕಕ್ಕೂ ವಿಶ್ವವಿದ್ಯಾಲಯದಲ್ಲಿ ವಿಭಾಗ ಬಂತು. ಮುಂದಿನ ದಶಕಗಳಲ್ಲಿ ಆ ಜಮೀನಿನಲ್ಲೇ ಬೇರೆ ಸಂಸ್ಥೆಗಳಿಗೂ ಜಾಗ ಸಿಕ್ಕಿತು, ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ ಅದರಲ್ಲೊಂದು. ಊರಾಚೆ ಅಂತ ಜನ ಮೂಗು ಮುರಿಯೋ ಜಾಗ ಇವತ್ತು ಬೆಂಗಳೂರಿನ ಒಳಗೇ ಇದೆ. ಆವತ್ತು ಅಷ್ಟು ಜಾಗ ತೆಗೆದಿಡದೆ ಹೋಗಿದ್ದರೆ ಈಗ ಒಂದು ಎಕರೆಯೂ ಸಿಗುತ್ತಿರಲಿಲ್ಲ.

1976ರಲ್ಲಿ ಉಪಕುಲಪತಿಯಾಗಿದ್ದಾಗಲೇ ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿ ಮಾಡಿದ್ದು. ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ ಬಹಿರಂಗವಾಗಿ ಪತ್ರ ಬರೆದು ಪರೀಕ್ಷೆಗೆ ಕರೆದರು. ಪುಟ್ಟಪರ್ತಿ ಬಾಗೇಪಲ್ಲಿಯಿಂದ ಗಡಿ ದಾಟಿದರೆ ಸಿಗೋ ಊರು, ನಮ್ಮ ಕಡೆ ಮನೆಮನೆಯಲ್ಲೂ ಭಕ್ತರು. ದೇಶವೆಲ್ಲ ಗದ್ದಲ ಆಯಿತು. ಅವರು ಹಿಂದೆ ಸರಿಯಲಿಲ್ಲ. ಯಾವುದನ್ನೂ ಪ್ರಶ್ನೆ ಮಾಡದೆ ಒಪ್ಪಬಾರದು ಅನ್ನೋದು ಅವರು ತರಗತಿಯಲ್ಲಿ ಕಲಿಸಿದ ಮೊದಲ ಪಾಠ. 1977ರಲ್ಲಿ ಆ ಹುದ್ದೆ ಬಿಟ್ಟ ಮೇಲೆ ಮತ್ತೆ ಪೂರ್ತಿಯಾಗಿ ನ್ಯಾಷನಲ್ ಸಂಸ್ಥೆಗಳ ಕೆಲಸಕ್ಕೆ ಬಂದರು. ನ್ಯಾಷನಲ್ ಎಜುಕೇಶನ್ ಸೊಸೈಟಿಯ ಅಧ್ಯಕ್ಷರಾಗಿ ಬಹುಕಾಲ ಇದ್ದರು.

ನಮ್ಮ ಊರುಗಳಿಗೆ ಬಂದ ಕಾಲೇಜು

ಬೆಂಗಳೂರಿನಲ್ಲಿ ಹೆಸರು ಮಾಡಿದವರು ಹಲವರು ಊರಿನ ಕಡೆ ತಿರುಗಿ ನೋಡೋದು ಜಾತ್ರೆಗೆ ಮಾತ್ರ. ಎಚ್ಚೆನ್ ಹಾಗೆ ಮಾಡಲಿಲ್ಲ. ತಾನು ಹೈಸ್ಕೂಲಿಲ್ಲದೆ ನಡೆದುಹೋದ ಹೊಸೂರಿಗೇ ನ್ಯಾಷನಲ್ ಹೈಸ್ಕೂಲು ತಂದರು. ಗೌರಿಬಿದನೂರಿಗೆ ನ್ಯಾಷನಲ್ ಕಾಲೇಜು ಬಂತು. ಬಾಗೇಪಲ್ಲಿಗೆ ನ್ಯಾಷನಲ್ ಕಾಲೇಜು ಬಂತು. ಮನೇಲಿ ತೆಲುಗು, ಇಸ್ಕೂಲಲ್ಲಿ ಕನ್ನಡ ಅಂತ ಬೆಳೆಯೋ ಗಡಿ ಮಕ್ಕಳಿಗೆ ತಮ್ಮ ತಾಲ್ಲೂಕಿನಲ್ಲೇ ಡಿಗ್ರಿ ಓದೋ ದಾರಿ ಆಯಿತು. ಬೆಂಗಳೂರಿಗೆ ಕಳಿಸೋ ಶಕ್ತಿ ಇಲ್ಲದ ಮನೆಗಳಿಗೆ, ಅದರಲ್ಲೂ ಹೆಣ್ಮಕ್ಕಳಿಗೆ, ಇದು ಎಂಥ ವ್ಯತ್ಯಾಸ ಅಂತ ಬೇರೆ ಹೇಳಬೇಕಾಗಿಲ್ಲ. ಬೆಳಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಬರೋ ಹಾಗಿದ್ದರೆ ಓದಿಸ್ತಾರೆ. ಇಲ್ಲದಿದ್ದರೆ ಮದುವೆ.

ಸೀಟಿಗೆ ಡೊನೇಷನ್ ವಸೂಲಿ ಮಾಡೋ ಪದ್ಧತಿಗೆ ಅವರು ಕೊನೇತನಕ ವಿರೋಧಿ. ಆ ದುಡ್ಡಿಲ್ಲದೆ ಸಂಸ್ಥೆ ನಡೆಸಬೇಕಾದರೆ ಇರೋ ಸಾಮಾನನ್ನು ಜೋಪಾನ ಮಾಡಲೇಬೇಕು. ತಾಲ್ಲೂಕು ಕೇಂದ್ರದ ಒಂದು ವಿಜ್ಞಾನ ಕಾಲೇಜನ್ನೇ ತಗೊಳ್ಳಿ. ಭೌತಶಾಸ್ತ್ರದ ಲ್ಯಾಬಿಗೆ ವರ್ನಿಯರ್ ಕ್ಯಾಲಿಪರ್, ಸ್ಕ್ರೂ ಗೇಜ್, ಪ್ರಿಸಂ, ಸ್ಪೆಕ್ಟ್ರೋಮೀಟರ್, ರಿಯೋಸ್ಟಾಟ್, ಮೀಟರುಗಳು ಬೇಕು. ತಂದು ಇಟ್ಟರೆ ಆಗಲಿಲ್ಲ. ಪ್ರತಿಯೊಂದಕ್ಕೂ ಸ್ಟಾಕ್ ಪುಸ್ತಕದಲ್ಲಿ ನಂಬರ್ ಹಾಕಿ, ಬೀರುವಿನಲ್ಲಿಟ್ಟು, ವರ್ಷಕ್ಕೊಮ್ಮೆ ಎಣಿಸಿ, ಕೆಟ್ಟಿದ್ದನ್ನು ರಿಪೇರಿಗೆ ಕಳಿಸಬೇಕು. ಲ್ಯಾಬ್ ಅಟೆಂಡರ್ ಒಬ್ಬರು ಬೇಕು. ಲೈಬ್ರರಿಗೆ ಗೆದ್ದಲು ಹತ್ತದಂತೆ ನೋಡಬೇಕು. ದೀಪಾವಳಿಗೆ ಅಂಗಡಿಯವರು ಸರಕು ತೆಗೆದು ಧೂಳು ಕೊಡವಿ ಲೆಕ್ಕ ಹಾಕ್ತಾರಲ್ಲ, ಅಂಥದ್ದೇ ಕೆಲಸ. ಮಾಡದೆ ಬಿಟ್ಟರೆ ಮೂರನೇ ವರ್ಷಕ್ಕೆ ಲ್ಯಾಬು ಬೀಗ ಹಾಕಿದ ಗೋಡೌನ್ ಆಗುತ್ತೆ, ಮಕ್ಕಳು ಪ್ರಯೋಗವನ್ನು ಪುಸ್ತಕದಲ್ಲಿ ನೋಡಿ ಬರೀತಾರೆ.

ಇನ್ನೊಬ್ಬ ಮಗನ ದಾರಿ

ಈ ಜಿಲ್ಲೆಗೆ ಇಂಥ ಪರಂಪರೆ ಎಚ್ಚೆನ್ ಒಬ್ಬರದಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದವು. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ತಮಗೆ ಬರಬೇಕಾಗಿದ್ದ ಹಣವನ್ನು ಕೈಗೆ ತಗೊಳ್ಳದೆ ಕಸುಬು ಕಲಿಸೋ ಸಂಸ್ಥೆಗೆ ಕೊಟ್ಟರು. 1943ರಲ್ಲಿ ಶುರುವಾದ ಆ ಸಂಸ್ಥೆಗೆ ತಮ್ಮ ಹೆಸರು ಬೇಡ ಅಂದು ಮಹಾರಾಜರ ಹೆಸರಿಡಿಸಿದರು. ಅದೇ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. ಒಬ್ಬರು ಎಂಜಿನಿಯರ್, ಒಬ್ಬರು ಮೇಷ್ಟ್ರು. ಒಬ್ಬರು ಸೂಟು ಪೇಟ, ಒಬ್ಬರು ಖಾದಿ ಟೋಪಿ. ಸ್ವಂತ ದುಡ್ಡು ಬದಿಗಿಟ್ಟು ಮಕ್ಕಳಿಗೆ ಸೂರು ಎಬ್ಬಿಸೋದರಲ್ಲಿ ಇಬ್ಬರೂ ಒಂದೇ.

ಕೊನೆಯ ದಿನಗಳು, ಆಮೇಲಿನ ಕಾನೂನು

1984ರಲ್ಲಿ ಪದ್ಮಭೂಷಣ ಬಂತು. ಹೋರಾಟದ ಹಾದಿ ಅನ್ನೋ ಹೆಸರಲ್ಲಿ ಆತ್ಮಕಥೆ ಬರೆದರು. 2005ರ ಜನವರಿ 31ರಂದು ತೀರಿಕೊಂಡಾಗ 84 ವರ್ಷ. ಸ್ವಂತಕ್ಕೆ ಮನೆ ಕಟ್ಟಿಸಿಕೊಂಡಿರಲಿಲ್ಲ. ಬಿಟ್ಟುಹೋದದ್ದು ಶಾಲೆ, ಕಾಲೇಜು, ಬುಧವಾರದ ಸಂಜೆಗಳು.

ಅವರು ಹೋಗುವ ಆರು ತಿಂಗಳ ಹಿಂದೆ, 2004ರ ಜುಲೈ 16ರಂದು, ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಅಡುಗೆ ಮನೆ ಬೆಂಕಿ ಗರಿ ಚಾವಣಿಗೆ ಹತ್ತಿತ್ತು. ಇಕ್ಕಟ್ಟಾದ ಕಟ್ಟಡ, ಮಕ್ಕಳಿಗೆ ಓಡಿಹೋಗೋಕೆ ದಾರಿ ಸಾಲಲಿಲ್ಲ. ಶಾಲಾ ಕಟ್ಟಡದ ಭದ್ರತೆ ಅನ್ನೋದು ಮಕ್ಕಳ ಜೀವದ ಪ್ರಶ್ನೆ ಅಂತ ದೇಶಕ್ಕೆ ಆವತ್ತು ಗೊತ್ತಾಯಿತು. 2009ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಶಾಲೆಗಳಲ್ಲೂ ಬೆಂಕಿ ನಂದಿಸೋ ವ್ಯವಸ್ಥೆ, ಸುರಕ್ಷಿತ ಕಟ್ಟಡ ಇರಬೇಕು ಅಂತ ಆದೇಶ ಮಾಡಿತು. ಅದೇ ವರ್ಷದ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಏನೇನಿರಬೇಕು ಅಂತ ಪಟ್ಟಿ ಮಾಡಿತು. ಒಬ್ಬ ಶಿಕ್ಷಕರಿಗೆ ಕನಿಷ್ಠ ಒಂದು ಕೋಣೆ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯೋ ನೀರು, ಬಿಸಿಯೂಟದ ಅಡುಗೆ ಕೋಣೆ, ಆಟದ ಮೈದಾನ, ಕಾಂಪೌಂಡ್ ಅಥವಾ ಬೇಲಿ, ಗ್ರಂಥಾಲಯ, ಅಂಗವಿಕಲ ಮಕ್ಕಳೂ ಒಳಗೆ ಬರೋ ಹಾಗೆ ದಾರಿ.

ಪಟ್ಟಿ ಇದೆ. ಅದನ್ನು ನೋಡಿಕೊಳ್ಳೋಕೆ ಕರ್ನಾಟಕದಲ್ಲಿ 2001ರಿಂದಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಇದೆ. ಅದರಲ್ಲಿ ಕೂರೋರು ಪೋಷಕರೇ, ಅಂದರೆ ಊರಿನ ರೈತರು, ರೀಲರುಗಳು, ಅಂಗಡಿಯವರು. ಅನುದಾನ ಬಂದಾಗ ಕಟ್ಟಡ ಎದ್ದೇಳುತ್ತೆ. ನಲ್ಲಿ ತಿರುಪು ಹೋದಾಗ, ಬಾಗಿಲ ಕೀಲು ಕಳಚಿದಾಗ, ಸಂಪಿನ ಮುಚ್ಚಳ ಒಡೆದಾಗ ಯಾರು ನೋಡ್ತಾರೆ ಅನ್ನೋದರ ಮೇಲೆ ಆ ಕಟ್ಟಡದ ಆಯುಸ್ಸು ನಿಂತಿರುತ್ತೆ. ಮುಚ್ಚಳ ಇಲ್ಲದ ಸಂಪು, ಜೋತುಬಿದ್ದ ವೈರು ಇವಕ್ಕೆ ಅನುದಾನ ಬರೋವರೆಗೆ ಕಾಯೋ ಹಾಗಿಲ್ಲ. ಅಲ್ಲಿ ಓಡಾಡೋದು ಮಕ್ಕಳು.

ಈಗ ನಮ್ಮ ಶಿಡ್ಲಘಟ್ಟ ತಾಲ್ಲೂಕಿನ ಅಮರಾವತಿ ಬಳಿಯೇ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಆವರಣಕ್ಕೆ ಜಾಗ ಗೊತ್ತಾಗಿದೆ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕಾಲೇಜುಗಳೆಲ್ಲ ಈಗ ಆ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. 1973ರಲ್ಲಿ ಜ್ಞಾನಭಾರತಿಗೆ ಎದುರಾದ ಪ್ರಶ್ನೆಗಳೇ ಇಲ್ಲೂ ಎದುರಾಗುತ್ತವೆ. ದಿಬ್ಬೂರಹಳ್ಳಿಯ ಹುಡುಗಿ ಬೆಳಗ್ಗೆ ಹೋಗಿ ಕತ್ತಲಾಗೋ ಮೊದಲು ವಾಪಸ್ಸು ಬರೋ ಹಾಗೆ ಬಸ್ಸು ಇರುತ್ತಾ? ಬೋರ್‌ವೆಲ್ಲು ಬತ್ತೋ ನಾಡಿನಲ್ಲಿ ಹಾಸ್ಟೆಲ್ಲಿಗೆ ನೀರು ಎಲ್ಲಿಂದ? ಹದ್ದುಬಸ್ತಿನ ಕಲ್ಲು ಎಲ್ಲೆಲ್ಲಿ? ಕಟ್ಟಡ ಉದ್ಘಾಟನೆ ಆದ ಹತ್ತನೇ ವರ್ಷಕ್ಕೆ ರಿಪೇರಿ ದುಡ್ಡು ಯಾವ ಬಾಬ್ತಿನಲ್ಲಿ? ಇವನ್ನು ಅಡಿಪಾಯ ಹಾಕೋ ಮೊದಲೇ ಕೇಳಬೇಕು. ಪ್ರಶ್ನೆ ಮಾಡದೆ ಒಪ್ಪಬಾರದು ಅಂತ ಕಲಿಸಿದ ಮೇಷ್ಟ್ರು ಹುಟ್ಟಿದ ಜಿಲ್ಲೆ ಇದು. ಕೇಳೋದಕ್ಕೆ ನಾಚಿಕೆ ಪಡಬೇಕಾಗಿಲ್ಲ.